ಮರದ ಬುಡದಲ್ಲಿ ತಟ್ಟೆ ಅಣಬೆ: ಯಾವುದು, ಎಷ್ಟು ಅಪಾಯ, ಮುಂದೇನು

ಮನೆ ಮುಂದಿನ ಗುಲ್ಮೊಹರ್ ಬುಡದಲ್ಲಿ ಒಂದು ತಟ್ಟೆ ಎದ್ದಿದೆ. ಕೈಯಲ್ಲಿ ಮುಟ್ಟಿದರೆ ಕಟ್ಟಿಗೆಯಷ್ಟು ಗಟ್ಟಿ. ಮೇಲೆ ವಾರ್ನಿಶ್ ಬಳಿದ ಹಾಗೆ ಹೊಳಪು. ಎಲೆ ಹಸಿರಾಗಿಯೇ ಇದೆ, ಮೇ ತಿಂಗಳಲ್ಲಿ ಹೂವೂ ಚೆನ್ನಾಗಿ ಬಿಟ್ಟಿತ್ತು. ಇಂಥ ಫೋಟೊ ಕಳಿಸುವವರೆಲ್ಲ ಕೇಳುವುದು ಎರಡೇ ಮಾತು: ಕಿತ್ತು ಬಿಸಾಡಿದರೆ ಸಾಕಾ, ಇಲ್ಲ ಮರವನ್ನೇ ಕಡಿಸಬೇಕಾ?

ಸದ್ಯಕ್ಕೆ ಎರಡೂ ಬೇಡ. ಹೊರಗೆ ಕಾಣುವ ತಟ್ಟೆ ಬೀಜಕ, ಅಂದರೆ ಅಣಬೆಯ ಬೀಜದಂಥ ಪುಡಿ, ಉದುರಿಸಲು ಬಂದ ಭಾಗ, ಅಷ್ಟೇ. ಶಿಲೀಂಧ್ರದ ಮೈಯೆಲ್ಲ ನೂಲಿನಂಥ ಎಳೆಗಳಾಗಿ ಮರದೊಳಗೆ ಹಬ್ಬಿರುತ್ತದೆ. ತಟ್ಟೆ ಹೊರಗೆ ಬರುವ ಹೊತ್ತಿಗೆ ಒಳಗಡೆ ಎಷ್ಟೋ ವರ್ಷದ ಕೆಲಸ ಮುಗಿದಿರುತ್ತದೆ. ಕಿತ್ತರೆ ರೋಗ ಹೋಗುವುದಿಲ್ಲ, ಗುರುತು ಹಿಡಿಯಲು ಇದ್ದ ಸಾಕ್ಷಿ ಹೋಗುತ್ತದೆ. ಪರೀಕ್ಷೆ ಮುಗಿಯುವ ತನಕ ಅದು ಅಲ್ಲೇ ಇರಲಿ.

ಇನ್ನೊಂದು ಮಾತು. ಹೆಚ್ಚಿನವರು ಮೊದಲು ಹೆಸರು ಹುಡುಕಲು ಹೊರಡುತ್ತಾರೆ. ಹೆಸರು ಬೇಕು, ಆದರೆ ಅದು ಎರಡನೇ ಪ್ರಶ್ನೆ. ಅಣಬೆ ಮರದ ಯಾವ ಜಾಗದಲ್ಲಿ ಬಂದಿದೆ ಅನ್ನುವುದೇ ಮೊದಲನೆಯದು. ಬುಡದಲ್ಲಿ ಬಂದ ಸಾಧಾರಣ ಅಣಬೆಗಿಂತ ಒಣ ಕೊಂಬೆಯ ಮೇಲೆ ಬಂದ ಭಯಂಕರ ಹೆಸರಿನ ಅಣಬೆಯೇ ಎಷ್ಟೋ ಸಲ ವಾಸಿ.

ಅದು ಅಣಬೆಯೇ ಹೌದಾ?

ಇದನ್ನು ಬೇಗ ಮುಗಿಸೋಣ. ತೊಗಟೆಯ ಮೇಲೆ ಬೂದು-ಹಸಿರು ಚಕ್ಕೆಗಳು ಅಂಟಿಕೊಂಡಿದ್ದರೆ ಅದು ಕಲ್ಲುಹೂವಿನ ಜಾತಿ. ಮರಕ್ಕೆ ಏನೂ ತೊಂದರೆ ಇಲ್ಲ, ಬಿಟ್ಟುಬಿಡಿ. ತೊಗಟೆಯಲ್ಲಿ ತೂತು ಬಿದ್ದು ಮರದ ಹೊಟ್ಟಿನಂಥ ಪುಡಿ ಉದುರುತ್ತಿದ್ದರೆ ಕಾಂಡ ಕೊರೆಯುವ ಹುಳು. ಮಾವು, ಗೋಡಂಬಿಯಲ್ಲಿ ಇದು ಜಾಸ್ತಿ. ತೂತಿಲ್ಲದೆ ಬರೀ ಅಂಟು ಸೋರುತ್ತಿದ್ದರೆ ಅದು ಬೇರೆಯೇ ತೊಂದರೆ. ಮಣ್ಣಿನ ಸುರಂಗ ಕಂಡರೆ ಗೆದ್ದಲು. ಗೆದ್ದಲು ಹೆಚ್ಚಾಗಿ ಸತ್ತ ಕಟ್ಟಿಗೆಗೆ ಬರುವುದರಿಂದ ಅದರ ಹಿಂದೆ ಅಣಬೆ ಕೊಳೆಯೂ ಇರಬಹುದು. ಮಣ್ಣನ್ನು ಕೆರೆದು ಒಳಗೆ ನೋಡಿ.

ಅರ್ಧ ತಟ್ಟೆಯಂತೆ ಮರಕ್ಕೆ ಅಂಟಿಕೊಂಡು, ತೊಟ್ಟು ಇಲ್ಲದೆಯೋ ತುಂಡು ತೊಟ್ಟಿನ ಮೇಲೋ ನಿಂತು, ಕೆಳಗಡೆ ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿದ್ದರೆ ಅದು ನಾವು ಹುಡುಕುತ್ತಿರುವ ಗುಂಪಿನದು.

ಎಲ್ಲಿ ಬಂದಿದೆ?

ಬುಡದಲ್ಲಿ, ಅಂದರೆ ನೆಲದಿಂದ ಮೊಣಕಾಲಿನ ಎತ್ತರದೊಳಗೆ, ಇಲ್ಲವೇ ಮೇಲೆದ್ದ ಬೇರುಗಳ ಮೇಲೆ ಬಂದಿದ್ದರೆ ಕೊಳೆ ಬೇರಿನಲ್ಲಿ ಮತ್ತು ಬುಡದಲ್ಲಿದೆ. ಮರವನ್ನು ಎತ್ತಿ ಹಿಡಿದಿರುವ ಜಾಗವೇ ಅದು. ಗಂಭೀರವಾಗಿ ತಗೊಳ್ಳಬೇಕಾದದ್ದು ಇದನ್ನೇ. ಕೆಲವು ಸಲ ಅಣಬೆ ಮರದಿಂದ ಎರಡು ಮೂರು ಅಡಿ ದೂರದಲ್ಲಿ, ಹುಲ್ಲಿನ ಮಧ್ಯೆ ಮಣ್ಣಿನಿಂದಲೇ ಎದ್ದ ಹಾಗೆ ಕಾಣುತ್ತದೆ. ನಾಯಿಕೊಡೆ ಅಂದುಕೊಂಡು ದಾಟಿಹೋಗಬೇಡಿ. ಸ್ವಲ್ಪ ಮಣ್ಣು ಸರಿಸಿದರೆ ಕೆಳಗೆ ಬೇರು ಸಿಗುತ್ತದೆ.

ಕಾಂಡದ ನಡುವೆ, ಹಳೇ ಕೊಂಬೆ ಕಡಿದ ಗಾಯದ ಹತ್ತಿರ ಬಂದಿದ್ದರೆ ಕೊಳೆ ಚೇಗಿನಲ್ಲಿ, ಅಂದರೆ ಮರದ ಒಳತಿರುಳಿನಲ್ಲಿದೆ. ಮರ ಒಳಗೊಳಗೇ ಟೊಳ್ಳಾಗುತ್ತಿರಬಹುದು. ಆದರೂ ಸುತ್ತಲಿನ ಹಸಿ ಭಾಗ ದಪ್ಪಗಿದ್ದರೆ ಮರ ಎಷ್ಟೋ ವರ್ಷ ನಿಲ್ಲುತ್ತದೆ. ಪೊಟರೆ ಬಿದ್ದ ಹುಣಸೆ ಮರಗಳು ಗಟ್ಟಿಯಾಗಿ ನಿಂತಿರುವುದನ್ನು ಎಲ್ಲರೂ ನೋಡಿದ್ದೇವೆ, ಅಲ್ವಾ?

ಒಣಗಿದ ಕೊಂಬೆಯ ಮೇಲೆ ಮಾತ್ರ ಬಂದಿದ್ದರೆ, ಕೊಂಬೆ ಸತ್ತ ಮೇಲೆ ಅಣಬೆ ಬಂದಿದೆ ಅಂತಲೇ ಇಟ್ಟುಕೊಳ್ಳಿ. ಕೊಂಬೆ ಯಾಕೆ ಸತ್ತಿತು ಅಂತ ಬೇರೆ ಹುಡುಕಬೇಕು.

ತಳ ತಿರುಗಿಸಿ ನೋಡಿ

ಈಗ ಗುರುತು ಹಿಡಿಯುವ ಕೆಲಸ. ಮೇಲ್ಮೈ ನೋಡಿ ನಿರ್ಧಾರಕ್ಕೆ ಬರಬೇಡಿ. ಮಳೆ, ಬಿಸಿಲು, ಧೂಳಿಗೆ ಅದರ ಬಣ್ಣ ಬದಲಾಗುತ್ತಲೇ ಇರುತ್ತದೆ. ನಂಬಬಹುದಾದದ್ದು ತಳವನ್ನು. ಒಂದು ಸಣ್ಣ ಕನ್ನಡಿಯನ್ನು ಕೆಳಗೆ ಹಿಡಿಯಿರಿ, ಇಲ್ಲ ಮೊಬೈಲನ್ನು ನೆಲಕ್ಕೆ ಮೇಲ್ಮುಖವಾಗಿ ಇಟ್ಟು ಫೋಟೊ ತೆಗೆಯಿರಿ.

ನಮ್ಮ ಊರುಗಳಲ್ಲಿ ಬುಡದಲ್ಲಿ ಕಾಣುವವುಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಗ್ಯಾನೊಡರ್ಮಾ. ಗುಲ್ಮೊಹರ್, ಹೊಂಗೆ, ಅಕೇಶಿಯಾ ಎಲ್ಲದರ ಮೇಲೂ ಬರುತ್ತದೆ. ಎಳೆಯದಿದ್ದಾಗ ಬೆಳ್ಳಗಿನ ಉಂಡೆ. ಬೆಳೆಯುತ್ತಾ ಅಗಲವಾಗಿ, ಒಳಗಿನಿಂದ ಹೊರಕ್ಕೆ ಕಡು ಕಂದು, ಕೆಂಪು, ಕಿತ್ತಳೆ, ಕೊನೆಗೆ ಅಂಚಿನಲ್ಲಿ ಬಿಳಿ ಅಥವಾ ತಿಳಿ ಹಳದಿ ಪಟ್ಟಿ. ಬಿಳಿ ಅಂಚು ಇದ್ದರೆ ಅದು ಇನ್ನೂ ಬೆಳೆಯುತ್ತಿದೆ ಎಂದರ್ಥ. ಮಳೆ ನಿಂತ ಮೇಲೆ ಅಂಚೂ ಕಂದಾಗಿ ಬೆಳವಣಿಗೆ ನಿಲ್ಲುತ್ತದೆ.

ತಾಜಾ ತಟ್ಟೆಯ ತಳ ಬೆಳ್ಳಗಿರುತ್ತದೆ. ಅಲ್ಲಿ ಉಗುರಿನಿಂದ ಒಂದು ಗೆರೆ ಎಳೆಯಿರಿ. ನೋಡುತ್ತಿದ್ದ ಹಾಗೇ ಗೆರೆ ಕಂದಾಗುತ್ತದೆ. ಹೊಳಪಿಲ್ಲದ, ಬೂದು-ಕಂದು ಮೇಲ್ಮೈಯ ಗ್ಯಾನೊಡರ್ಮಾ ಅಪ್ಲನೇಟಮ್ ಗುಂಪಿನಲ್ಲಿ ಈ ಗುಣ ಎಷ್ಟು ಚೆನ್ನಾಗಿದೆಯೆಂದರೆ, ಪಶ್ಚಿಮ ದೇಶಗಳಲ್ಲಿ ಅದರ ತಳದ ಮೇಲೆ ಮೊಳೆಯಿಂದ ಚಿತ್ರ ಕೊರೆದು, ಒಣಗಿಸಿ ಗೋಡೆಗೆ ಹಾಕುವವರಿದ್ದಾರೆ.

ಇನ್ನೊಂದು ಗುರುತು ಕಂದು ಪುಡಿ. ಕೋಕೋ ಪುಡಿಯ ಬಣ್ಣದ ನಯವಾದ ಧೂಳು ತಟ್ಟೆಯ ಮೇಲೆ, ಕೆಳಗಿನ ಹುಲ್ಲಿನ ಮೇಲೆ, ಪಕ್ಕದ ಕಾಂಪೌಂಡ್ ಗೋಡೆಯ ಮೇಲೆ ಕೂತಿರುತ್ತದೆ. ಬೀಜಕ ಉದುರುವುದು ತಳದಿಂದ, ಆದರೆ ಗಾಳಿ ಅದನ್ನು ತಿರುಗಿಸಿ ತಂದು ತಟ್ಟೆಯ ತಲೆಯ ಮೇಲೇ ಕೂರಿಸುತ್ತದೆ. ಹಾಗಾಗಿ ಕೆಂಪು ಹೊಳಪು ಪೂರ್ತಿ ಮುಚ್ಚಿಹೋಗಿ ಅದು ಬರೀ ಮಣ್ಣುಬಣ್ಣದ ಅಣಬೆಯಂತೆ ಕಾಣಬಹುದು. ಬೆರಳು ಒದ್ದೆ ಮಾಡಿಕೊಂಡು ಒರೆಸಿ ನೋಡಿ. ಪುಡಿ ಹೋಗಿ ಕೆಳಗೆ ವಾರ್ನಿಶ್ ಕಂಡರೆ ಅನುಮಾನ ಮುಗಿಯಿತು. ಗೊತ್ತಾಗದಿದ್ದರೆ ತಾಜಾ ಅಣಬೆಯ ಒಂದು ತುಂಡನ್ನು ತಳ ಕೆಳಗೆ ಮಾಡಿ ಬಿಳಿ ಹಾಳೆಯ ಮೇಲಿಟ್ಟು, ಮೇಲೆ ಬಟ್ಟಲು ಬೋರಲು ಹಾಕಿ ರಾತ್ರಿ ಪೂರ್ತಿ ಬಿಡಿ. ಬೆಳಗ್ಗೆ ಹಾಳೆಯ ಮೇಲೆ ಕಂದು ಗುರುತು ಬಿದ್ದಿದ್ದರೆ ಗ್ಯಾನೊಡರ್ಮಾ ಕಡೆಗೆ ವಾಲಿ. ಬಿಳಿ ಪುಡಿ ಬಿದ್ದಿದ್ದರೆ ಅದಲ್ಲ. ಬಿಳಿ ಪುಡಿ ಬಿಳಿ ಹಾಳೆಯಲ್ಲಿ ಕಾಣುವುದಿಲ್ಲ, ಅದಕ್ಕೇ ಅರ್ಧ ಕಪ್ಪು ಹಾಳೆ ಜೋಡಿಸಿಕೊಳ್ಳುವುದು ಒಳ್ಳೆಯದು.

ಯಾವ ಗ್ಯಾನೊಡರ್ಮಾ ಅಂತ ತಲೆ ಕೆಡಿಸಿಕೊಳ್ಳಬೇಡಿ. ನಮ್ಮಲ್ಲಿ ಎಲ್ಲದಕ್ಕೂ ಗ್ಯಾನೊಡರ್ಮಾ ಲೂಸಿಡಮ್ ಅಂತ ಹೆಸರಿಡುವುದು ರೂಢಿ. ಆ ಹೆಸರು 1781ರಲ್ಲಿ ಇಂಗ್ಲೆಂಡಿನ ಅಣಬೆಯೊಂದಕ್ಕೆ ಕೊಟ್ಟದ್ದು. ಡಿಎನ್ಎ ಪರೀಕ್ಷೆ ಬಂದ ಮೇಲೆ ಏಷ್ಯಾದ ಎಷ್ಟೋ ಅಣಬೆಗಳು ಬೇರೆ ಜಾತಿಯವು ಎಂದು ಗೊತ್ತಾಗಿದೆ. ಚೀನಾದ ಪ್ರಸಿದ್ಧ ಔಷಧಿ ಅಣಬೆ ಲಿಂಗ್‌ಝಿಗೇ 2012ರಲ್ಲಿ ಬೇರೆ ಹೆಸರು ಕೊಟ್ಟರು. ನಿಮ್ಮ ಮರದ ವಿಷಯಕ್ಕೆ ಗ್ಯಾನೊಡರ್ಮಾ ಗುಂಪು ಅನ್ನುವಷ್ಟು ಗೊತ್ತಾದರೆ ಸಾಕು. ಅಂದ ಹಾಗೆ, ಔಷಧಿ ಅಂಗಡಿಯಲ್ಲಿ ಮಾತ್ರೆಯಾಗಿ ಮಾರುವುದೂ ಇದೇ ಗುಂಪು ಅಂತ ಓದಿ ಬೀದಿ ಮರದ ಅಣಬೆ ಕುದಿಸಿ ಕುಡಿಯುವವರಿದ್ದಾರೆ. ದಯವಿಟ್ಟು ಬೇಡ.

ತಳವೂ ಕಂದು, ಮೇಲ್ಮೈ ಕಪ್ಪಾಗಿ ಬಿರುಕು ಬಿಟ್ಟಿದೆ, ಆಕಾರ ಗೊರಸಿನಂತೆ ದಪ್ಪ, ಕತ್ತಿಯಿಂದ ಹೊಡೆದರೂ ಸುಲಭಕ್ಕೆ ಏಳುವುದಿಲ್ಲ ಅಂದರೆ ಫೆಲ್ಲಿನಸ್ ಗುಂಪು. ಹೊಳಪಿಲ್ಲ, ಉಗುರಿನ ಗೆರೆಯ ಆಟವೂ ಇಲ್ಲ. ಇದು ಸಾಮಾನ್ಯವಾಗಿ ಕಾಂಡದ ಮೇಲ್ಭಾಗದಲ್ಲಿ, ಹಳೇ ಗಾಯದಿಂದ ಹೊರಬರುತ್ತದೆ. ಅಡ್ಡ ಕೊಯ್ದರೆ ಒಳಗೆ ಪದರ ಪದರವಾಗಿ ಕೊಳವೆಗಳು ಕಾಣುತ್ತವೆ, ಪ್ರತಿ ಬೆಳವಣಿಗೆ ಕಾಲಕ್ಕೆ ಒಂದು ಹೊಸ ಪದರ. ಪದರ ಜಾಸ್ತಿ ಇದ್ದಷ್ಟೂ ಕೊಳೆ ಹಳೆಯದು. ಹಲಸಿನ ಮರದ ಮೇಲೆ ಬರುವ ಇಂಥದ್ದೊಂದನ್ನು ಮಹಾರಾಷ್ಟ್ರದ ಕಡೆ ಫಣಸೋಂಬಾ ಎಂದು ಕರೆದು ಮನೆಮದ್ದಿಗೆ ಬಳಸುವ ರೂಢಿಯಿದೆ.

ಉಳಿದವನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಬಿಸಿಲಿಗೆ ಬಿದ್ದ ಒಣ ದಿಮ್ಮಿಯ ಮೇಲೆ ಕುಂಕುಮ-ಕಿತ್ತಳೆ ಬಣ್ಣದ ತೆಳ್ಳನೆ ತಟ್ಟೆ, ಮೇಲೂ ಕೆಳಗೂ ಒಂದೇ ಬಣ್ಣ: ಪಿಕ್ನೋಪೋರಸ್. ಸತ್ತ ಕಟ್ಟಿಗೆಯದು. ಬೀಸಣಿಗೆಯಂಥ ಸಣ್ಣ ಬೂದು-ಬಿಳಿ ಅಣಬೆ, ಮೈಮೇಲೆ ರೋಮ, ಕೆಳಗೆ ರಂಧ್ರದ ಬದಲು ಉದ್ದಕ್ಕೆ ಸೀಳಿದ ಪದರಗಳು: ಷೈಜೋಫಿಲಮ್. ಮಾವಿನ ಒಣ ಕೊಂಬೆಯಲ್ಲಿ ಯಾವಾಗಲೂ ಸಿಗುತ್ತದೆ. ಮಣಿಪುರದಲ್ಲಿ ಇದನ್ನು ಅಡುಗೆಗೇ ಬಳಸುತ್ತಾರೆ. ಬಿಸಿಲಿಗೆ ತೊಗಟೆ ಸುಟ್ಟ ಜಾಗದಲ್ಲಿ, ಗಾಯದ ಮೇಲೆ ಇದು ಬಂದರೆ ಮರಕ್ಕೆ ಕಷ್ಟಕಾಲ ಬಂದಿದೆ ಅಂತ ತಿಳಿಯಿರಿ. ಚರ್ಮದಂತೆ ಬಾಗುವ, ಮೇಲೆ ಬಣ್ಣ ಬಣ್ಣದ ಅರ್ಧವರ್ತುಲಗಳಿರುವ ತೆಳು ಅಣಬೆ ಟ್ರಮೀಟಿಸ್ ಗುಂಪಿನದು, ಹೆಚ್ಚಾಗಿ ಕೊರಡಿನ ಮೇಲೆ. ಕಿವಿಯಂತೆ ಮೆತ್ತಗಿದ್ದು, ಒಣಗಿದಾಗ ಮುದುಡಿ ಮಳೆ ಬಂದಾಗ ಮತ್ತೆ ಉಬ್ಬುವಂಥದ್ದು ತಟ್ಟೆ ಅಣಬೆಯೇ ಅಲ್ಲ, ಜೆಲ್ಲಿ ಅಣಬೆ.

ಮರದ ಒಳಗೆ ಏನಾಗಿದೆ?

ಅಗಲ ಎಲೆಯ ಮರಗಳಲ್ಲಿ ಹೆಚ್ಚಾಗಿ ಕಾಣುವುದು ಬಿಳಿ ಕೊಳೆ. ಶಿಲೀಂಧ್ರ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ನನ್ನೂ ಬಿಡದೆ ತಿನ್ನುತ್ತದೆ. ಉಳಿದದ್ದು ಬೆಳ್ಳಗೆ, ನಾರು ನಾರಾಗಿ, ಹಿಂಡಿದರೆ ನೀರು ಬರುವಷ್ಟು ಮೆತ್ತಗೆ. ಗ್ಯಾನೊಡರ್ಮಾ, ಫೆಲ್ಲಿನಸ್ ಎರಡೂ ಇದನ್ನೇ ಮಾಡುತ್ತವೆ. ಕಂದು ಕೊಳೆಯಲ್ಲಿ ನಾರಿನ ಅಂಶವಾದ ಸೆಲ್ಯುಲೋಸ್ ಹೋಗಿ ಲಿಗ್ನಿನ್ ಉಳಿಯುತ್ತದೆ. ಕಟ್ಟಿಗೆ ಕಂದಾಗಿ, ಚೌಕ ಚೌಕವಾಗಿ ಬಿರಿದು, ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದೆ. ಇಂಥ ಮರ ಬಾಗದೆ ಒಮ್ಮೆಲೇ ಲಟಕ್ಕನೆ ಮುರಿಯುತ್ತದೆ.

ಎಲೆ ಹಸಿರಾಗಿದೆಯಲ್ಲ ಅನ್ನುವ ಸಮಾಧಾನ ಇಲ್ಲಿ ಕೆಲಸಕ್ಕೆ ಬಾರದು. ನೀರು ಮೇಲೆ ಹೋಗುವುದು ತೊಗಟೆಯ ಕೆಳಗಿನ ಹೊಸ ಪದರದಲ್ಲಿ. ಚೇಗು ಪೂರ್ತಿ ಕೊಳೆತಿದ್ದರೂ ಆ ಪದರ ಸರಿಯಿದ್ದರೆ ಎಲೆಗೆ ಏನೂ ಕಡಿಮೆಯಾಗುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್-ಮೇ ಮಳೆಗಾಳಿಗೆ ಹೂ ತುಂಬಿದ ಗುಲ್ಮೊಹರ್‌ಗಳು ಬುಡಮೇಲಾಗುವುದು ಹೀಗೇ. ಬದಲಿಗೆ ಇವನ್ನು ನೋಡಿ.

ಬಡಿದು ಕೇಳಿ. ಮರದ ಕೊಡತಿಯಿಂದ ಬುಡದ ಸುತ್ತ, ಅಂಗೈ ಅಗಲಕ್ಕೊಂದರಂತೆ ತಟ್ಟುತ್ತಾ ಹೋಗಿ. ಗಟ್ಟಿ ಮರದ ಸದ್ದು ಚುಟುಕು, ತೀಕ್ಷ್ಣ. ಟೊಳ್ಳಾದಲ್ಲಿ ಡಬ್ ಅಂತ ಗುಂಯ್‌ಗುಡುತ್ತದೆ. ಸದ್ದು ಬದಲಾದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಸುತ್ತು ಮುಗಿಯುವಷ್ಟರಲ್ಲಿ ಕೊಳೆಯ ನಕ್ಷೆ ಮರದ ಮೇಲೆಯೇ ಬಿದ್ದಿರುತ್ತದೆ.

ಚುಚ್ಚಿ ನೋಡಿ. ಪೊಟರೆ ಬಾಯಿ ತೆರೆದಿದ್ದರೆ, ಇಲ್ಲವೇ ಅಣಬೆಯ ಪಕ್ಕ ತೊಗಟೆ ಸತ್ತು ಬಿಟ್ಟುಕೊಂಡಿದ್ದರೆ ಮಾತ್ರ, ತೆಳ್ಳನೆ ಕಬ್ಬಿಣದ ಸರಳು ತಳ್ಳಿ. ಹಸಿ ತೊಗಟೆಗೆ ತೂತು ಹಾಕಬೇಡಿ, ಅದು ಹೊಸ ಗಾಯ. ಟೊಳ್ಳಾದ ಮರಗಳ ಬಗ್ಗೆ ಕೆಲಸ ಮಾಡಿದ ಜರ್ಮನಿಯ ಕ್ಲಾಸ್ ಮ್ಯಾಥೆಕ್ ಹೇಳಿದ ಲೆಕ್ಕ ಒಂದಿದೆ: ಸುತ್ತಲಿನ ಗಟ್ಟಿ ಗೋಡೆಯ ದಪ್ಪ ಮರದ ತ್ರಿಜ್ಯದ ಶೇ. 30ಕ್ಕಿಂತ ಕಡಿಮೆಯಾದರೆ ಮುರಿಯುವ ಸಾಧ್ಯತೆ ಜಾಸ್ತಿ. ಮರದ ಸುತ್ತಳತೆ 190 ಸೆಂ.ಮೀ. ಇದ್ದರೆ ತ್ರಿಜ್ಯ ಸುಮಾರು 30. ಗೋಡೆ ಕನಿಷ್ಠ 9-10 ಸೆಂ.ಮೀ. ಇರಬೇಕು. ಪೊಟರೆ ಒಂದು ಕಡೆ ದೊಡ್ಡದಾಗಿ ಬಾಯ್ದೆರೆದಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಬೇರು ಕೊಳೆತಿದ್ದರಂತೂ ಲೆಕ್ಕಕ್ಕೇ ಅರ್ಥವಿಲ್ಲ.

ಬೇರು ನೋಡಿ. ಬುಡದ ಮಣ್ಣನ್ನು ಕೈಯಿಂದ ಸರಿಸಿ ದಪ್ಪ ಬೇರುಗಳನ್ನು ಒಂದೊಂದಾಗಿ ಒತ್ತಿ. ಮರ ಹೊಸದಾಗಿ ವಾಲಿದೆಯಾ? ವಾಲಿದ ಎದುರು ಬದಿಯಲ್ಲಿ ನೆಲ ಉಬ್ಬಿ ಬಿರುಕು ಬಿಟ್ಟಿದೆಯಾ? ಇದು ಕಂಡರೆ ಮಿಕ್ಕ ಪರೀಕ್ಷೆಗಳನ್ನು ಬದಿಗಿಟ್ಟು ಜನ, ವಾಹನ ಅತ್ತ ಸುಳಿಯದ ಹಾಗೆ ಮಾಡಿ.

ಮೈಸೂರಿನಲ್ಲಿ ಪರಿಚಯದವರ ಮನೆ ಮುಂದಿನ ಹೊಂಗೆ ಮರ ಒಂದು ಒಳ್ಳೆ ಉದಾಹರಣೆ. ಗೇಟಿನ ಕಡೆಯಿಂದ ನೋಡಿದರೆ ಏನೂ ಇಲ್ಲ. ಮೋರಿ ಕಡೆಗೆ, ಚಪ್ಪಡಿ ಕಲ್ಲಿಗೆ ಒರಗಿದ ಹಾಗೆ ಮೂರು ಗ್ಯಾನೊಡರ್ಮಾ ತಟ್ಟೆ ಒಂದರ ಮೇಲೊಂದು. ಚಪ್ಪಡಿಯ ಮೇಲೆಲ್ಲ ಕಂದು ಪುಡಿ. ಆ ಬದಿಯ ಎರಡು ದಪ್ಪ ಬೇರುಗಳನ್ನು ಹಿಂದೊಮ್ಮೆ ಮೋರಿ ಕೆಲಸದವರು ಕತ್ತರಿಸಿದ್ದರು, ಕೊಳೆ ಒಳಹೊಕ್ಕಿದ್ದು ಅಲ್ಲಿಂದಲೇ. ಬಡಿದಾಗ ಮೋರಿ ಕಡೆಯ ಕಾಲು ಭಾಗ ಮಾತ್ರ ಟೊಳ್ಳು ಸದ್ದು. ಉಳಿದ ಮುಕ್ಕಾಲು ಗಟ್ಟಿ, ಎದುರು ಬದಿಯ ಬೇರುಗಳೂ ಗಟ್ಟಿ. ಆದರೆ ಮರದ ಭಾರವೆಲ್ಲ ರಸ್ತೆ ಕಡೆಗೆ ಚಾಚಿದ ಒಂದೇ ಕೊಂಬೆಯ ಮೇಲಿತ್ತು. ಆ ಕೊಂಬೆಯ ಉದ್ದ ಕಡಿಮೆ ಮಾಡಿಸಿ, ಮಳೆಗಾಲದ ಮುಂಚೆ ಮತ್ತು ನಂತರ ಬಡಿದು ನೋಡುವುದು ಅಂತ ತೀರ್ಮಾನವಾಯಿತು. ಮರ ನಿಂತಿದೆ. ಅದೇ ಅಣಬೆ ಬುಡದ ಮೂರು ಬದಿಯಲ್ಲಿ ಬಂದಿದ್ದರೆ ನನ್ನ ಉತ್ತರ ಬೇರೆಯೇ ಆಗುತ್ತಿತ್ತು.

ಏನು ಮಾಡಬೇಕು, ಏನು ಬೇಡ

ಕೊಳೆತ ಕಟ್ಟಿಗೆಯನ್ನು ಮತ್ತೆ ಗಟ್ಟಿ ಮಾಡುವ ಔಷಧಿ ಇಲ್ಲ. ಕಾಂಡಕ್ಕೆ ಇಂಜೆಕ್ಷನ್ ಕೊಟ್ಟು ವಾಸಿ ಮಾಡುತ್ತೇವೆ ಅನ್ನುವವರಿಗೆ ದುಡ್ಡು ಕೊಡುವ ಮುಂಚೆ ಎರಡು ಸಲ ಯೋಚಿಸಿ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಹೊಸದಾಗಿ ಕತ್ತರಿಸಿದ ಮೇಲ್ಮೈಗೆ ಸ್ವಲ್ಪ ಕಾಲ ರಕ್ಷಣೆ ಕೊಡಬಹುದು, ಒಳಗಿನ ಕೊಳೆಗೆ ಅದು ತಲುಪುವುದೇ ಇಲ್ಲ.

ಪೊಟರೆಗೆ ಸಿಮೆಂಟ್ ತುಂಬಬೇಡಿ. ಹಿಂದೆ ಎಲ್ಲ ಕಡೆ ತುಂಬುತ್ತಿದ್ದರು. ಮರ ಗಾಳಿಗೆ ಬಾಗುತ್ತದೆ, ಸಿಮೆಂಟ್ ಬಾಗುವುದಿಲ್ಲ. ನಡುವೆ ಸಂದಿ ಬಿದ್ದು ನೀರು ನಿಲ್ಲುತ್ತದೆ. ಕೊಳೆತದ್ದನ್ನು ಕೆರೆದು ಚೊಕ್ಕ ಮಾಡುವುದು, ನೀರು ಹೋಗಲಿ ಅಂತ ತೂತು ಕೊರೆಯುವುದು, ಇವೂ ಬೇಡ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶಿಗೋ ಸಾವಿರಾರು ಮರಗಳನ್ನು ಸೀಳಿ ನೋಡಿ 1970ರ ದಶಕದಲ್ಲಿ ತೋರಿಸಿಕೊಟ್ಟದ್ದು ಇದನ್ನೇ: ಮರ ಗಾಯವನ್ನು ವಾಸಿ ಮಾಡಿಕೊಳ್ಳುವುದಿಲ್ಲ, ಕೊಳೆಯ ಸುತ್ತ ತಾನೇ ತಡೆಗೋಡೆ ಕಟ್ಟಿಕೊಳ್ಳುತ್ತದೆ. ಕೆರೆದರೆ, ಕೊರೆದರೆ ನಾವೇ ಆ ಗೋಡೆ ಒಡೆದ ಹಾಗೆ.

ನಿಮ್ಮ ಕೈಯಲ್ಲಿರುವುದು ಮರದ ಭಾರ ಇಳಿಸುವುದು ಮತ್ತು ಹೊಸ ಗಾಯ ತಪ್ಪಿಸುವುದು. ಕೊಂಬೆ ಕತ್ತರಿಸುವಾಗ ಕಾಂಡಕ್ಕೆ ಸೇರುವ ಕಡೆ ಉಬ್ಬಿದ ಕೊರಳಿನಂಥ ಜಾಗವನ್ನು ಬಿಟ್ಟು ಹೊರಗೆ ಕತ್ತರಿಸಿ. ಕಾಂಡಕ್ಕೆ ಸಪಾಟಾಗಿಯೂ ಬೇಡ, ಉದ್ದ ಮೋಟು ಬಿಟ್ಟೂ ಬೇಡ. ತಲೆ ಪೂರ್ತಿ ಬೋಳಿಸುವುದಂತೂ ಬೇಡವೇ ಬೇಡ. ಬುಡದ ಸುತ್ತ ಸಿಮೆಂಟ್ ಹಾಕಿದ್ದರೆ ಹುಷಾರಾಗಿ ಒಡೆಸಿ ಮಣ್ಣು ಬಿಡಿಸಿ. ಬುಡಕ್ಕೆ ಕಸ ಹಾಕಿ ಬೆಂಕಿ ಇಡುವುದು, ಕಾಂಡಕ್ಕೆ ಮೊಳೆ ಹೊಡೆಯುವುದು ನಿಲ್ಲಲಿ.

ಬುಡದ ಸುತ್ತಳತೆಯ ಅರ್ಧಕ್ಕಿಂತ ಜಾಸ್ತಿ ಟೊಳ್ಳು ಸದ್ದು, ದಪ್ಪ ಬೇರುಗಳು ಮೆತ್ತಗೆ, ಕೆಳಗೆ ಮನೆಯೋ ಬಸ್ ಸ್ಟಾಪೋ ಇದೆ ಅಂದರೆ ಮರ ತೆಗೆಸುವ ಮಾತು ಬರುತ್ತದೆ. ಸುಮ್ನೆ ಆಳು ಕರೆಸಿ ಕಡಿಸುವ ಹಾಗಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅರ್ಜಿಯ ಜೊತೆ ಸೀಮೆಸುಣ್ಣದ ಗುರುತು ಕಾಣುವ ಫೋಟೊ, ಅಣಬೆಯ ತಳದ ಫೋಟೊ ಇಟ್ಟರೆ ಸ್ಥಳಕ್ಕೆ ಬರುವವರಿಗೆ ಏನು ನೋಡಬೇಕು ಅಂತ ಗೊತ್ತಾಗುತ್ತದೆ.

ತೋಟದವರಿಗೆ

ಮರ ತೆಗೆಸಿದ ಮೇಲೆ ಬೊಡ್ಡೆ ಬಿಟ್ಟರೆ ಕೆಲಸ ಅರ್ಧವೇ ಆದಂತೆ. ಗ್ಯಾನೊಡರ್ಮಾ ಸತ್ತ ಬೇರಿನಲ್ಲಿ ವರ್ಷಗಟ್ಟಲೆ ಬದುಕಿದ್ದು, ಬೇರಿಗೆ ಬೇರು ತಾಗಿದಲ್ಲಿ ಪಕ್ಕದ ಮರಕ್ಕೆ ದಾಟುತ್ತದೆ. ಅಡಿಕೆ, ತೆಂಗಿನವರಿಗೆ ಅಣಬೆ ರೋಗ ಅಂದರೆ ವಿವರಿಸಿ ಹೇಳಬೇಕಿಲ್ಲ. ಅದೂ ಗ್ಯಾನೊಡರ್ಮಾ ಕೆಲಸವೇ. ಬದುವಿನ ಹೊಂಗೆಯ ಮೇಲಿನ ಜಾತಿಯೂ ತೋಟದೊಳಗಿನ ಜಾತಿಯೂ ಒಂದೇನಾ ಅಂತ ಹೇಳಲು ಲ್ಯಾಬ್ ಬೇಕು. ಅಲ್ಲಿಯವರೆಗೆ ಒಂದೇ ಅಂತ ಇಟ್ಟುಕೊಂಡು ನಡೆಯುವುದು ಕ್ಷೇಮ. ಬೊಡ್ಡೆಯನ್ನು ಬೇರು ಸಮೇತ ಅಗೆದು ತೆಗೆಯಿರಿ. ಆಗದಿದ್ದರೆ ಸುತ್ತ ಎರಡು ಅಡಿ ಆಳ, ಒಂದು ಅಡಿ ಅಗಲದ ಕಾಲುವೆ ತೋಡಿ ಬೇರಿನ ಸಂಪರ್ಕ ತಪ್ಪಿಸಿ.

ಕಾಫಿ ತೋಟದಲ್ಲಿ ಕೊಡಗು, ಚಿಕ್ಕಮಗಳೂರಿನವರು ಇನ್ನೊಂದನ್ನು ನೋಡಬೇಕು. ನೆರಳು ಮರ ಕಡಿದ ಬೊಡ್ಡೆಯ ಸುತ್ತ ಕಾಫಿ ಗಿಡಗಳು ಒಂದೊಂದಾಗಿ ಸಾಯುತ್ತಿದ್ದರೆ ಒಂದು ಗಿಡ ಕಿತ್ತು ಬೇರು ತೊಳೆಯಿರಿ. ತೊಳೆದರೂ ಹೋಗದ ಹಾಗೆ ಮಣ್ಣು, ಸಣ್ಣ ಕಲ್ಲು ಬೇರಿಗೆ ಕಚ್ಚಿಕೊಂಡಿದ್ದರೆ ಕಂದು ಬೇರು ರೋಗ. ಇದಕ್ಕೆ ಕಾರಣವಾದ ಶಿಲೀಂಧ್ರ ಫೆಲ್ಲಿನಸ್ ನಾಕ್ಸಿಯಸ್. ನೆಲದ ಮೇಲೆ ಅಣಬೆ ಕಾಣಲಿ ಅಂತ ಕಾಯುತ್ತಾ ಕೂರಬೇಡಿ, ಇಲ್ಲಿ ಬೇರೇ ಸಾಕ್ಷಿ. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಹತ್ತಿರದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಗೆ ಮಾದರಿ ಒಯ್ಯಬಹುದು. ಅಡಿಕೆಗೆ ವಿಟ್ಲದಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯ (ಸಿಪಿಸಿಆರ್‌ಐ) ಕೇಂದ್ರವಿದೆ. ಉಳಿದ ಮರಗಳಿಗೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ವಿಚಾರಿಸಿ.

ಮಾದರಿ ಒಯ್ಯುವಾಗ ಪ್ಲಾಸ್ಟಿಕ್ ಕವರ್ ಬೇಡ, ಒಂದೇ ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ನ್ಯೂಸ್‌ಪೇಪರಿನಲ್ಲಿ ಸುತ್ತಿ. ಅಣಬೆಯ ಜೊತೆ ಅದು ಅಂಟಿಕೊಂಡಿದ್ದ ಕಟ್ಟಿಗೆಯ ಚೂರೂ ಇರಲಿ. ಚೀಟಿಯಲ್ಲಿ ಮರದ ಹೆಸರು, ನೆಲದಿಂದ ಎಷ್ಟು ಎತ್ತರದಲ್ಲಿತ್ತು, ಮರದ ಯಾವ ಬದಿ, ಸುತ್ತ ಈಚೆಗೆ ಅಗೆತ ನಡೆದಿದೆಯಾ, ಇಷ್ಟು ಬರೆಯಿರಿ. ಬೇರು ಕತ್ತರಿಸಿದ್ದು ಯಾವ ವರ್ಷ ಅಂತ ಗೊತ್ತಿದ್ದರೆ ಅದನ್ನೂ ಸೇರಿಸಿ.